ತಂಗಕ್ಕೆ ಅಂಟಿದ ಕೆಸರು: ಬೆಳಗಾವಿ ಪಕ್ಕದ ಒಂದು ಲಾಯದ ಮಳೆಗಾಲ

ಇದು ಬೆಳಗಾವಿ ಊರಾಚೆ ಇರುವ ಒಂದು ಸಣ್ಣ ಕುದುರೆ ಲಾಯದಲ್ಲಿ ನಡೆದದ್ದು. ಮಾಲೀಕರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಯಾರ ಹೆಸರೂ ಬರಬಾರದು ಅನ್ನುವುದೊಂದೇ ಅವರ ಷರತ್ತು. ಹಾಗಾಗಿ ಮಾಲೀಕರನ್ನು ಕಾಕಾ ಅನ್ನುತ್ತೇನೆ, ಕುದುರೆ ನೋಡಿಕೊಳ್ಳುವ ಹುಡುಗನನ್ನು ಹುಡುಗ ಅಂತಲೇ ಕರೆಯುತ್ತೇನೆ. ಗಾಯ ಮಾಡಿಕೊಂಡ ಹೆಣ್ಣು ಕುದುರೆಗೆ ಇಲ್ಲಿ ಗುಲಾಬಿ ಅಂತ ಬೇರೆ ಹೆಸರು ಇಟ್ಟಿದ್ದೇನೆ. ನಾನು ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುವವನು. ಸವಾರಿ ಕಲಿಯೋಣ ಅಂತ ಹೋಗಿ ಕೊನೆಗೆ ಜೀನು ಕೋಣೆಯ ಉಸ್ತುವಾರಿ ಮೈಮೇಲೆ ಹಾಕಿಕೊಂಡೆ. ಅಂದಮೇಲೆ ಮುಂದೆ ಬರುವ ತಪ್ಪುಗಳಲ್ಲಿ ಅರ್ಧ ನನ್ನವೇ.

ಲಾಯ ಮತ್ತು ದಾರಿ

ಬೆಳಗಾವಿ ಜಿಲ್ಲೆಗೆ ಕುದುರೆ ಹೊಸದಲ್ಲ. ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಪ್ರತಿ ವರ್ಷ ಮಹಾರಾಷ್ಟ್ರದ ಆಳಂದಿಯ ಪಾಲಖಿಗೆ, ಅಂದರೆ ಸಂತ ಜ್ಞಾನೇಶ್ವರರ ಪಲ್ಲಕ್ಕಿ ಯಾತ್ರೆಗೆ, ಕುದುರೆಗಳು ಹೋಗುತ್ತವೆ. ಜಾತ್ರೆ ಬಂದರೆ ಎಲ್ಲಾದರೂ ಒಂದು ಕಡೆ ಕುದುರೆ ಗಾಡಿ ಶರ್ಯತ್ತು ಇದ್ದೇ ಇರುತ್ತದೆ. ಆದರೆ ಗಾಡಿ ಕುದುರೆಗೆ ಹಗ್ಗ, ನೈಲಾನ್ ಪಟ್ಟಿ ಜಾಸ್ತಿ. ಕೆಸರಾದರೆ ನಲ್ಲಿ ಕೆಳಗೆ ಹಿಡಿದು ಬಿಸಿಲಿಗೆ ಎಸೆದರೂ ನಡೆಯುತ್ತದೆ. ತೊಗಲಿನ ಜೀನಿನ ಆರೈಕೆ ಬಲ್ಲವರು ಕಡಿಮೆ. ನಾವೂ ಬಲ್ಲವರಾಗಿರಲಿಲ್ಲ.

ಲಾಯದಲ್ಲಿ ಐದು ಕುದುರೆ. ತೊಗಲಿನ ಜೀನು ಎರಡು, ಎರಡೂ ಕಾನ್ಪುರದವು, ಯಾರೋ ಬಳಸಿ ಬಿಟ್ಟಿದ್ದನ್ನು ಕಾಕಾ ಕೊಂಡಿದ್ದರು. ಶನಿವಾರ, ಭಾನುವಾರ ಮಕ್ಕಳಿಗೆ ಸವಾರಿ ಪಾಠ. ಉಳಿದ ಗಳಿಕೆ ಮದುವೆ, ಮೆರವಣಿಗೆಯದು. ಆಷಾಢದಲ್ಲಿ ಮದುವೆ ಇಲ್ಲ. ಅಂದರೆ ಸಾಮಾನು ಹಾಳಾಗುವ ತಿಂಗಳಲ್ಲೇ ಕೈಯಲ್ಲಿ ಕಾಸೂ ಇರುವುದಿಲ್ಲ. ಹೊಸದು ಕೊಂಡರಾಯಿತು ಅನ್ನುವ ಮಾತು ಈ ಕಥೆಯಲ್ಲಿ ಎಲ್ಲೂ ಬರದಿರಲು ಅದೇ ಕಾರಣ.

ನಾವು ಕುದುರೆ ತಿರುಗಿಸುವ ದಾರಿ ಅರ್ಧ ಕೆಂಪು ಮಣ್ಣು, ಅರ್ಧ ಭತ್ತದ ಗದ್ದೆ ಬದಿಯ ಎರೆ ಮಣ್ಣು. ಇದು ಯಾಕೆ ಮುಖ್ಯ ಅಂತ ಆಗ ಗೊತ್ತಿರಲಿಲ್ಲ. ಕೆಂಪು ಮಣ್ಣು ಒಣಗಿದರೆ ಪುಡಿಯಾಗಿ ಉದುರುತ್ತದೆ. ಎರೆ ಮಣ್ಣು ಹಾಗಲ್ಲ, ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವುದು ಅದಕ್ಕೇ ಅಲ್ವಾ. ತೊಗಲಿನ ಮೇಲೆ ಕೂತರೂ ಅದರ ಗುಣ ಬದಲಾಗುವುದಿಲ್ಲ. ಒಣಗುತ್ತಾ ಒಣಗುತ್ತಾ ತೊಗಲಿನ ಪಸೆಯನ್ನೂ ಎಳೆದುಕೊಳ್ಳುತ್ತದೆ.

ಗುಲಾಬಿ ಕಚ್ಚತೊಡಗಿತು

ಆ ವರ್ಷ ಆರಿದ್ರಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ಜೋರೇನಲ್ಲ, ಬೆಳಗಾವಿಯ ಮಾಮೂಲಿ ಜಿಟಿಜಿಟಿ. ಹಗ್ಗಕ್ಕೆ ಹಾಕಿದ ಅಂಗಿ ಮೂರು ದಿನವಾದರೂ ತಣ್ಣಗೇ ಇರುತ್ತದಲ್ಲ, ಆ ಮಳೆ.

ಪುನರ್ವಸು ಮುಗಿಯುವ ಹೊತ್ತಿಗೆ ಗುಲಾಬಿಯ ಸ್ವಭಾವ ಬದಲಾಯಿತು. ಅದು ಲಾಯದಲ್ಲೇ ಸಾಧು ಕುದುರೆ, ಎಂಟು ವರ್ಷದ ಮಕ್ಕಳನ್ನು ಅದರ ಮೇಲೇ ಕೂರಿಸುತ್ತಿದ್ದೆವು. ಅದು ಈಗ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತಿತ್ತು. ತಂಗ ಬಿಗಿಯಲು ಹೋದರೆ ತಿರುಗಿ ಹಲ್ಲು ಹಾಕುತ್ತಿತ್ತು. ತಂಗ ಅಂದರೆ ಜೀನು ಜಾರದಂತೆ ಹೊಟ್ಟೆಯ ಕೆಳಗಿಂದ ಬಿಗಿಯುವ ಪಟ್ಟಿ. ಒಂದು ದಿನ ಹುಡುಗನ ತೋಳಿಗೆ ಕಚ್ಚಿಯೇ ಬಿಟ್ಟಿತು.

"ಮಳ್ಯಾಗ ಕಟ್ಟಿ ಹಾಕಿದ್ದಕ್ಕ ಮೈ ಕೊಬ್ಬೇತಿ" ಅಂದರು ಕಾಕಾ. ನನಗೂ ಸರಿ ಅನಿಸಿತು. ಕುದುರೆ ಬಲ್ಲ ಒಬ್ಬರು ಇನ್ನೂ ಬಿಗಿಯಾದ ಕಡಿವಾಣ ಹಾಕಿ ನೋಡಿ ಅಂದರು. ನಾವು ಹೂಂ ಅಂದೆವು. ಸಾಮಾನಿನ ಪೆಟ್ಟಿಗೆಯಿಂದ ಅದನ್ನು ತೆಗೆದು ತೊಳೆದೂ ಇಟ್ಟೆವು. ಮರುದಿನ ಭಾರೀ ಮಳೆ ಬಂದು ಸವಾರಿ ನಿಂತಿತು. ಇಲ್ಲದಿದ್ದರೆ ನೋವಿರುವ ಕುದುರೆಯ ಬಾಯಿಗೆ ಇನ್ನೊಂದು ನೋವು ಸೇರಿಸಿಬಿಡುತ್ತಿದ್ದೆವು. ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಜಾಗ ಇದು. ನಮ್ಮನ್ನು ಉಳಿಸಿದ್ದು ಬುದ್ಧಿ ಅಲ್ಲ, ಮಳೆ.

ಆ ಬಿಡುವಿನಲ್ಲಿ ಪಶುವೈದ್ಯರು ಬೇರೆ ಕುದುರೆಯ ಕೆಲಸಕ್ಕೆ ಬಂದಿದ್ದರು. ಬಂದವರು ಗುಲಾಬಿಯನ್ನೂ ನೋಡಿದರು. ಮುಂಗಾಲಿನ ಹಿಂದೆ, ತಂಗ ಹಾಯುವ ಜಾಗದಲ್ಲಿ, ಅಂಗೈ ಅಗಲ ಕೂದಲು ಸವೆದು ಹೋಗಿತ್ತು. ನಡುವೆ ಎರಡು ಕಡೆ ಚರ್ಮ ಕಿತ್ತು ಹಸಿ ಹಸಿ. ಕೆಸರು ಮೆತ್ತಿಕೊಂಡಿದ್ದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಅವರು ತಂಗ ತರಿಸಿ, ಕುದುರೆಗೆ ತಾಗುವ ಒಳಮೈ ಮೇಲೆ ಬೆರಳು ಎಳೆದರು. ಆಮೇಲೆ ನನ್ನ ಬೆರಳು ಹಿಡಿದು ಅದೇ ಜಾಗದಲ್ಲಿ ಎಳೆಸಿದರು. ತೊಗಲಿನ ಮೇಲೆ ಕಾಕಂಬಿಯಂಥ ಅಂಟು. ಅದರೊಳಗೆ ಸಣ್ಣ ಸಣ್ಣ ಮರಳು ಕಾಳು ಹುಗಿದು ಕೂತಿದ್ದವು. ಬಡಗಿ ಬಳಸುವ ಉಜ್ಜು ಕಾಗದದ ಥರವೇ ಇತ್ತು.

"ಕುದರಿದೇನ ತಪ್ಪಿಲ್ರಿ. ಇದನ್ನ ನಿಮ್ಮ ಬಗಲಿಗೆ ಕಟ್ಕೊಂಡು ಒಂದ್ ತಾಸು ಓಡ್ರಿ, ನೋಡೋಣು."

ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು ಮುಲಾಮು ಹಚ್ಚಿದರು, ಧನುರ್ವಾಯು ಇಂಜೆಕ್ಷನ್ ಕೊಟ್ಟರು. ಕುದುರೆಗೆ ಧನುರ್ವಾಯು ಬಹಳ ಬೇಗ ತಗುಲುತ್ತದೆ, ಕೆಸರಿನ ದಿನದಲ್ಲಿ ತೆರೆದ ಗಾಯ ಹುಡುಗಾಟ ಅಲ್ಲ. ಪೂರ್ತಿ ಮಾಯುವ ತನಕ ಜೀನು ಮುಟ್ಟಿಸಬಾರದು ಅಂತ ಹೇಳಿ ಹೋದರು.

ಚಹಾ ಬಣ್ಣದ ನೀರು

ಅವತ್ತು ರಾತ್ರಿ ಜೀನು ಕೋಣೆಯಲ್ಲಿ ಕೂತು, ಮಳೆ ಹಿಡಿದ ದಿನದಿಂದ ನಾವು ಏನೇನು ಮಾಡಿದೆವು ಅಂತ ಹುಡುಗನನ್ನು ಕೇಳಿದೆ. ಬೈಯುತ್ತಾನೆ ಅಂದುಕೊಂಡು ಮೊದಲು ಅವನು ಬಾಯಿ ಬಿಡಲಿಲ್ಲ. ಎಲ್ಲ ನಾನು ನೋಡನೋಡುತ್ತಲೇ ಆಗಿದ್ದು, ಬೈಯುವುದಾದರೆ ನನ್ನನ್ನೇ ಬೈದುಕೊಳ್ಳಬೇಕು ಅಂದ ಮೇಲೆ ಹೇಳಿದ.

ಸವಾರಿ ಮುಗಿದ ಮೇಲೆ ಅವನು ಕೆಸರು ಒಣಗಲು ಬಿಡುತ್ತಿದ್ದ. ಕುದುರೆಯ ಮೈಗೆ ಅದೇ ಸರಿಯಾದ ಕ್ರಮ. ಹಸಿ ಕೆಸರು ಉಜ್ಜಿದರೆ ಚರ್ಮದೊಳಕ್ಕೆ ಹೋಗುತ್ತದೆ, ಒಣಗಿದ ಮೇಲೆ ಖರಾರಾ, ಅಂದರೆ ಮೈ ಉಜ್ಜುವ ಹಲ್ಲಿನ ಬ್ರಷ್ಷು, ಹೊಡೆದರೆ ಉದುರುತ್ತದೆ. ಇದನ್ನು ನಾನೇ ಕಲಿಸಿದ್ದೆ. ಅವನು ಅದನ್ನೇ ಜೀನಿಗೂ ಹಚ್ಚಿದ. ತೊಗಲಿಗೆ ಇದು ತದ್ವಿರುದ್ಧ ಅಂತ ನಾನು ಹೇಳಿರಲೇ ಇಲ್ಲ. ತೊಗಲಿನ ಕೆಸರನ್ನು ಹಸಿ ಇರುವಾಗಲೇ ಒರೆಸಬೇಕು.

ಒಣಗಿದ ಎರೆ ಮಣ್ಣು ಹೋಗಬೇಕಲ್ಲ? ಅದಕ್ಕೆ ಪೈಪಿನ ನೀರು, ಬಟ್ಟೆ ಸೋಪಿನ ಪುಡಿ, ತೆಂಗಿನ ನಾರು. ಬಕೆಟ್ ನೀರು ಪ್ರತಿ ಸಲ ಕಡು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. "ನೋಡ್ರಿ ಎಷ್ಟ ಹೊಲಸ ಐತಿ" ಅಂತ ಅವನು ಇನ್ನೊಂದು ಹಿಡಿ ಪುಡಿ ಹಾಕುತ್ತಿದ್ದ. ನಾನೂ ತಲೆಯಾಡಿಸಿದ್ದೆ. ಅದು ಹೊಲಸಾಗಿರಲಿಲ್ಲ. ಜೀನಿನ ತೊಗಲನ್ನು ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿರುತ್ತಾರೆ. ಸೋಪಿನ ಪುಡಿಯ ಕ್ಷಾರಕ್ಕೆ ಆ ಒಗರೇ ಬಿಟ್ಟುಕೊಂಡು ನೀರಿಗಿಳಿಯುತ್ತಿತ್ತು. ಹದ ಮಾಡಿದ್ದನ್ನು ನಾವು ದಿನಾ ಸ್ವಲ್ಪ ಸ್ವಲ್ಪ ತೊಳೆದು ಚೆಲ್ಲುತ್ತಿದ್ದೆವು.

ತೊಳೆದ ಜೀನು ಹುರಳಿ ಬೇಯಿಸುವ ಒಲೆ ಪಕ್ಕ ಒಣಗುತ್ತಿತ್ತು. ಒಲೆ ಶಾಖಕ್ಕೆ ಮೇಲ್ಮೈ ಮಾತ್ರ ಒಣಗಿ ಗಡುಸಾಗುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಗಡುಸಾಯಿತು ಅಂತ ಕುಸುಬಿ ಎಣ್ಣೆ. ಸೂರು ಸೋರುತ್ತದೆ ಅಂತ ಅದರ ಮೇಲೆ ಪ್ಲಾಸ್ಟಿಕ್ ತಾಡಪತ್ರಿ. ಮೂರು ವಾರ ಹೀಗೇ ನಡೆಯಿತು.

ತಾಡಪತ್ರಿ ಎತ್ತಿದೆ. ಇನ್ನೊಂದು ಜೀನಿನ ಅಂಚಿನುದ್ದಕ್ಕೂ ಬೂದು ಹಸಿರು ಬೂಸ್ಟು. ಹೊಲಿಗೆಯ ನೂಲನ್ನು ಉಗುರಿನಿಂದ ಮೀಟಿದರೆ ಸುಮ್ನೆ ಕಿತ್ತು ಬಂತು.

ಮರುದಿನ ನಾನು ಮಾಡಿದ್ದು ಇನ್ನೊಂದು ತಪ್ಪು. ಅಂಟು ತೆಗೆಯೋಣ ಅಂತ ಬಿಸಿನೀರು, ಮತ್ತಷ್ಟು ಸೋಪು. ಅಂಟು ಅಲ್ಲಲ್ಲಿ ಹೋಯಿತು. ಆದರೆ ತಂಗವನ್ನು ಜೀನಿಗೆ ಸಿಕ್ಕಿಸುವ ಪಟ್ಟಿಯನ್ನು ಬಾಗಿಸಿ ನೋಡಿದಾಗ ರಂಧ್ರದ ಪಕ್ಕದಲ್ಲೇ ಚಟ್ ಅಂತ ಬಿರುಕು. ಓಡುವ ಕುದುರೆಯ ಮೇಲೆ ಮಗು ಕೂತಿದ್ದಾಗ ಆ ಪಟ್ಟಿ ಹರಿದಿದ್ದರೆ? ಅವತ್ತಿಗೆ ನಾನು ಕೈ ತೊಳೆದುಕೊಂಡು ಸುಮ್ಮನಾದೆ. ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿರುವವರನ್ನು ಹುಡುಕೋಣ ಅಂತ ಕಾಕಾಗೆ ಹೇಳಿದೆ.

ಅಥಣಿಗೆ ಹೋದದ್ದು

ಜೀನು ರಿಪೇರಿ ಮಾಡುವವರು ಅಂತ ಬೆಳಗಾವಿಯಲ್ಲಿ ನಮಗೆ ಯಾರೂ ಗೊತ್ತಿರಲಿಲ್ಲ. ಆದರೆ ತೊಗಲು ಬಲ್ಲವರಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿ (ಜಿಐ ಗುರುತು) ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಅಥಣಿ ಕಡೆ ಮನೆಮನೆಯಲ್ಲಿ ಈ ಕೆಲಸ ಇದೆ. ಪರಿಚಯದವರ ಮೂಲಕ ಅಲ್ಲಿನ ಒಬ್ಬ ಹಿರಿಯರನ್ನು ಹಿಡಿದು, ಜೀನು, ತಂಗ, ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿ ಎಲ್ಲ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದೆವು.

ಆ ಅಜ್ಜ ಜೀನು ಹಿಂದೆ ನೋಡಿದ್ದರೋ ಇಲ್ಲವೋ. ತೊಗಲು ನೋಡಿದರು. ಮೊದಲು ಮೂಸಿದರು. ಪಟ್ಟಿಯನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ ಸಪ್ಪಳ ಕೇಳಿದರು. ಉಗುರಿನಿಂದ ಅಂಟನ್ನು ಕೆರೆದು ಬೆರಳ ನಡುವೆ ಹೊಸೆದರು.

"ಎಣ್ಣಿ ಒಳಗ ಹೋಗಿಲ್ಲ. ಮ್ಯಾಲ ಕುಂತು ಅಂಟ ಆಗೈತಿ. ಯಾ ಎಣ್ಣಿ?"

ಕುಸುಬಿ ಅಂದೆವು. ನಕ್ಕರು.

ಕಾಕಾಗೆ ಸ್ವಲ್ಪ ಸಿಟ್ಟು ಬಂತು. ಅವರ ತಂದೆ ಕಪಿಲೆ ಬಾವಿಯ, ಅಂದರೆ ಎತ್ತು ಹೂಡಿ ನೀರೆತ್ತುವ ಬಾವಿಯ, ತೊಗಲಿನ ಚೀಲಕ್ಕೆ, ಹಗ್ಗಕ್ಕೆ ಕುಸುಬಿ ಎಣ್ಣೆಯನ್ನೇ ಕಾಯಿಸಿ ಬಳಿಯುತ್ತಿದ್ದರಂತೆ. ಅದೂ ನಿಜ, ಅಜ್ಜ ಒಪ್ಪಿದರು. ಆದರೆ ಕಪಿಲೆ ಚೀಲ ದಿನವಿಡೀ ನೀರಿನಲ್ಲಿ ಮುಳುಗಿ ಏಳುವುದು. ಅದಕ್ಕೆ ನೀರು ಒಳಗೆ ಬಿಡದ ಪೊರೆ ಬೇಕು. ಕುಸುಬಿ ಎಣ್ಣೆ ಅಗಸೆ ಎಣ್ಣೆಯ ಜಾತಿಯದು, ಗಾಳಿಗೆ ಒಣಗುತ್ತದೆ. ಮೊದಲು ಅಂಟಾಗುತ್ತದೆ, ಆಮೇಲೆ ಪೊರೆ ಕಟ್ಟುತ್ತದೆ. ಬಣ್ಣ, ವಾರ್ನಿಷ್‌ಗೆ ಇಂಥ ಎಣ್ಣೆ ಬಳಸುವುದೂ ಈ ಗುಣಕ್ಕೇ. ಮೆತ್ತಗೆ ಬಾಗಬೇಕಾದ, ಕುದುರೆಯ ಮೈಗೆ ತಾಗಬೇಕಾದ ತಂಗಕ್ಕೆ ಅದೇ ಗುಣ ಶತ್ರು. ಕಾಕಾನ ತಂದೆ ತಪ್ಪು ಮಾಡಿರಲಿಲ್ಲ. ಅವರ ಸರಿಯನ್ನು ನಾವು ಬೇರೆ ಸಾಮಾನಿಗೆ ತಂದು ಹಚ್ಚಿದ್ದೆವು.

ಅಜ್ಜ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲಿನ ಒಂದು ತುಂಡು ಕೈಗೆ ಕೊಟ್ಟು ಹೇಳಿದರು: ತೊಗಲು ತೊಟ್ಟಿಕ್ಕುವಾಗ ಎಣ್ಣೆ ಹಾಕಬಾರದು, ಕಟ್ಟಿಗೆಯಂತೆ ಒಣಗಿದಾಗಲೂ ಹಾಕಬಾರದು. ನೀರೆಲ್ಲ ಆರಿ ಒಂದಿಷ್ಟೇ ಪಸೆ ಉಳಿದಾಗ ಹಾಕಬೇಕು. ನೀರು ಹೊರಗೆ ಹೋಗುತ್ತಾ ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಸಾಕು, ಬೆರಳ ತುದಿಯಷ್ಟು. ತೊಳೆದ ಮೇಲೆ ನೆರಳಿನಲ್ಲಿ ಒಂದು ದಿನ ಬಿಡಿ, ಆಮೇಲೆ ಎಣ್ಣೆ.

ಬಿರುಕು ಬಿಟ್ಟ ಪಟ್ಟಿಗಳನ್ನು ಅವರೇ ಹೊಸದಾಗಿ ಕತ್ತರಿಸಿ ಹೊಲಿದುಕೊಟ್ಟರು. ತಂಗವನ್ನು ಮಾತ್ರ ವಾಪಸ್ ಕೊಡಲಿಲ್ಲ. "ಇದನ್ನ ಒಯ್ದ್ರ ಮತ್ತ ಹಾಕ್ತೀರಿ" ಅಂತ ಮೂಲೆಗೆ ಎಸೆದರು. ಒಳ್ಳೆಯದೇ ಮಾಡಿದರು, ನಿಜವಾಗಿ ಹಾಕುತ್ತಿದ್ದೆವು.

ಒಂದು ದಿನ ಸಾಲಲಿಲ್ಲ

ಊರಿಗೆ ಬಂದು ಅಜ್ಜ ಹೇಳಿದ ಹಾಗೇ ಮಾಡಿದೆವು. ಬೆಚ್ಚಗಿನ ನೀರು, ಗಟ್ಟಿಯಾಗಿ ಹಿಂಡಿದ ಬಟ್ಟೆ, ಕೊಂಚ ಗ್ಲಿಸರಿನ್ ಸೋಪು. ನೆರಳಿನಲ್ಲಿ ಒಂದು ದಿನ. ಆಮೇಲೆ ಕೊಬ್ಬರಿ ಎಣ್ಣೆ. ಹತ್ತೇ ದಿನಕ್ಕೆ ಮತ್ತೆ ಬೂಸ್ಟು!

ಹುಡುಗ ಅಜ್ಜನನ್ನೇ ಅನುಮಾನಿಸಿದ. ನನಗೂ ತಲೆ ಕೆಟ್ಟಿತು. ಫೋನ್ ಮಾಡಿ ಕೇಳಿದೆ. ಅಜ್ಜ ಒಂದೇ ಪ್ರಶ್ನೆ ಕೇಳಿದರು, "ನಿಮ್ಮಲ್ಲೆ ಮಳಿ ನಿಂತೈತೇನು?"

ಜಿಲ್ಲೆ ಒಂದೇ ಆದರೂ ಹವಾಮಾನ ಒಂದೇ ಅಲ್ಲ. ಪಶ್ಚಿಮದ ತುದಿಯಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿ, ಅಲ್ಲಿ ಆಕಾಶವೇ ಕಳಚಿ ಬೀಳುವ ಮಳೆ. ಈಶಾನ್ಯದ ತುದಿಯಲ್ಲಿ ಅಥಣಿ, ಅಲ್ಲಿ ಮೋಡ ನೋಡಿ ನಿಟ್ಟುಸಿರು ಬಿಡುವ ರೈತರು. ಅಥಣಿಯ ಒಂದು ದಿನ ಬೆಳಗಾವಿಯ ಜುಲೈ ತಿಂಗಳಿನಲ್ಲಿ ಮೂರು ದಿನ. ಒಳಗೆ ನೀರು ಉಳಿದಿದ್ದಾಗಲೇ ಎಣ್ಣೆ ಹಚ್ಚಿ ಬಾಗಿಲು ಹಾಕಿದಂತಾಗಿತ್ತು. ನೀರು ಒಳಗೇ ಉಳಿಯಿತು, ಬೂಸ್ಟಿಗೆ ಊಟ ಸಿಕ್ಕಿತು.

ಹಾಗಾದರೆ ಆರಿದೆ ಅಂತ ಗೊತ್ತಾಗುವುದು ಹೇಗೆ? ಆ ಮಳೆಯಲ್ಲಿ ಎಲ್ಲವೂ ಮುಟ್ಟಿದರೆ ತಣ್ಣಗೇ. ಉಪಾಯ ಹೊಳೆದದ್ದು ಹುಡುಗನಿಗೆ, ನನಗಲ್ಲ. ಮೇವಿಗೆ ಬೆರೆಸುವ ಖನಿಜದ ಪುಡಿ ತೂಗಲು ಒಂದು ಸಣ್ಣ ಡಿಜಿಟಲ್ ತಕ್ಕಡಿ ಇತ್ತು. ಸರಿಯಾಗಿ ಒಣಗಿದ್ದ ರಿಕಾಪಿನ ಪಟ್ಟಿ ಅದರ ಮೇಲಿಟ್ಟ, 310 ಗ್ರಾಂ. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟ, 352. ಒಣ ತೂಕವನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ. ದಿನಾ ಸಂಜೆ ತೂಗುವುದು, ಒಣ ತೂಕಕ್ಕಿಂತ ಹತ್ತು ಗ್ರಾಂ ಮೇಲಿದ್ದಾಗ ಎಣ್ಣೆ. ಫ್ಯಾನ್ ಹಾಕಿದರೆ ಎರಡು ದಿನ, ಕರೆಂಟ್ ಹೋದರೆ ಮೂರು, ಒಮ್ಮೆ ನಾಲ್ಕೂ ಆಯಿತು. ನನ್ನ ಕಣ್ಣಿಗೆ ಎರಡನೇ ದಿನವೇ ಒಣಗಿದಂತೆ ಕಾಣುತ್ತಿತ್ತು. ತಕ್ಕಡಿ ಒಪ್ಪುತ್ತಿರಲಿಲ್ಲ.

ಇಡೀ ಜೀನನ್ನು ಆ ತಕ್ಕಡಿಯಲ್ಲಿ ತೂಗಲಾಗದು. ಜೀನಿನ ಜೊತೆಗೇ ಒಂದು ಪಟ್ಟಿ ಒರೆಸಿ ಪಕ್ಕದಲ್ಲೇ ನೇತುಹಾಕಿ, ಅದು ಆರಿದ ಮೇಲೆ ಜೀನಿಗೆ ಇನ್ನೊಂದು ದಿನ ಸೇರಿಸುವುದು ಅಂತ ಲೆಕ್ಕ ಮಾಡಿಕೊಂಡೆವು. ಕೊಬ್ಬರಿ ಎಣ್ಣೆ ಆ ಚಳಿಗೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಅಂಗೈಯಲ್ಲಿ ಕರಗಿಸಿ ಅಂಗೈಯಿಂದಲೇ ಹಚ್ಚಬೇಕು. ಅದರಿಂದ ಒಂದು ಲಾಭ, ಜಾಸ್ತಿ ಹಾಕಲು ಆಗುವುದೇ ಇಲ್ಲ.

ತಾಡಪತ್ರಿ ಹೋಯಿತು, ಅದರ ಜಾಗಕ್ಕೆ ಹಳೆಯ ಧೋತರ ಬಂತು. ಜೀನು ಕೋಣೆ ನೀರಿನ ಟಾಕಿಯ ಗೋಡೆಗೆ ಅಂಟಿಕೊಂಡಿತ್ತು, ಎಲ್ಲ ಸಾಮಾನು ಕಿಟಕಿ ಇರುವ ಮುಂದಿನ ಕೋಣೆಗೆ ಸಾಗಿತು. ಮಳೆಗಾಲ ಮುಗಿಯುವ ತನಕ ತೊಗಲಿನ ತಂಗವೇ ಬೇಡ ಅಂತ ನೂಲಿನ ಹಗ್ಗದ ತಂಗ ಎರಡು ತಂದೆವು, ಒಂದು ಕುದುರೆ ಮೇಲಿದ್ದರೆ ಇನ್ನೊಂದು ಒಗೆದು ಒಣಗಲು.

ಬಕೆಟ್ ಜಾಗ ಬದಲಿಸಿದ್ದು

ಇಷ್ಟಾದರೂ ಒಂದು ತೊಂದರೆ ಉಳಿಯಿತು. ಹಸಿ ಇರುವಾಗಲೇ ಒರೆಸಬೇಕು ಅಂತ ಗೋಡೆಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೆ. ಯಾರೂ ಒರೆಸುತ್ತಿರಲಿಲ್ಲ. ಮಕ್ಕಳೂ ಇಲ್ಲ, ಅವರ ಅಪ್ಪಂದಿರೂ ಇಲ್ಲ, ಅವಸರದಲ್ಲಿದ್ದರೆ ಹುಡುಗನೂ ಇಲ್ಲ. ನಾನು ಎರಡು ಸಲ ರೇಗಿದೆ. ಒಂದು ಮಗು ಅತ್ತಿತು, ಕೆಲಸವಂತೂ ಆಗಲಿಲ್ಲ.

ಒಂದು ಭಾನುವಾರ ಸುಮ್ನೆ ಕಟ್ಟೆ ಮೇಲೆ ಕೂತು ನೋಡಿದೆ. ಕುದುರೆಯಿಂದ ಇಳಿಯುವುದು ಗೇಟಿನ ಹತ್ತಿರದ ಬೇವಿನ ಮರದಡಿ. ನೀರು, ಬಟ್ಟೆ ಇದ್ದದ್ದು ಹಿಂದಿನ ಕೋಣೆಯಲ್ಲಿ. ನಡುವೆ ಅರವತ್ತು ಹೆಜ್ಜೆ, ಅದೂ ಕೆಸರಿನಲ್ಲಿ. ಜೀನು ಹೊತ್ತು ಅಷ್ಟು ದೂರ ಹೋದವರು ಅದನ್ನು ಗೂಟಕ್ಕೆ ಹಾಕಿ ಉಸ್ಸಪ್ಪಾ ಅಂತ ಹೊರಡುತ್ತಿದ್ದರು. ಮರುದಿನ ಬೇವಿನ ಮರಕ್ಕೆ ಒಂದು ಅಡ್ಡ ಗಳ ಕಟ್ಟಿ, ಮೇಲೊಂದು ತಗಡು ಹೊದಿಸಿ, ಕೆಳಗೆ ಎರಡು ಬಕೆಟ್ ಇಟ್ಟೆವು. ಒಂದು ಒರೆಸಲು, ಒಂದು ಬಟ್ಟೆ ಜಾಲಿಸಲು. ಕಡಿವಾಣ ಅದ್ದಲು ಒಂದು ಚೊಂಬು, ಎಂಜಲು ಒಣಗುವ ಮುಂಚೆ ಅದ್ದಿದರೆ ಉಜ್ಜುವ ಗೋಜಿಲ್ಲ. ಗೋಡೆಯ ಚೀಟಿ ಕಿತ್ತೆ. ಅವತ್ತಿನಿಂದ ಯಾರಿಗೂ ಹೇಳಬೇಕಾಗಲಿಲ್ಲ. ಎದುರಿಗೆ ಬಕೆಟ್ ಇದ್ದರೆ ಕೈ ತಾನಾಗಿ ಹೋಗುತ್ತದೆ.

ಈಗ ಹಿಂದಿರುಗಿ ನೋಡಿದರೆ

ಬೇರೆ ಲಾಯದವರು ಕೇಳಿದಾಗ ನಾನು ಎಣ್ಣೆಯ ಹೆಸರಿನಿಂದ ಶುರು ಮಾಡುವುದಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ. ನಮ್ಮ ಲಾಯದಲ್ಲಿ ಕೆಟ್ಟದ್ದು ಕೆಸರು ಹೋದ ಮೇಲೆ, ಎಣ್ಣೆ ಬರುವ ಮುಂಚೆ. ಆ ನಡುವಿನ ಎರಡು ಮೂರು ದಿನ ಯಾರಿಗೂ ಬೇಡವಾಗಿತ್ತು. ಏನೂ ಮಾಡದೆ ಕಾಯುವುದು ಕೆಲಸ ಅಂತ ಅನಿಸುವುದೇ ಇಲ್ಲ. ಅದಕ್ಕೇ ನಾವು ಒಲೆ, ಎಣ್ಣೆ, ತಾಡಪತ್ರಿ ಅಂತ ಒಂದರ ಮೇಲೊಂದು ಹೇರಿದೆವು.

ಇನ್ನೊಂದು, ಕುದುರೆ ತಂಗ ಕಟ್ಟುವಾಗ ಮುನಿಸಿಕೊಂಡರೆ ಈಗ ಮೊದಲು ತಂಗವನ್ನೇ ತಿರುಗಿಸಿ ನೋಡುತ್ತೇವೆ, ಆಮೇಲೆ ಅದರಡಿಯ ಚರ್ಮ. ಕಡಿವಾಣದ ಮಾತು ಯಾರೂ ತೆಗೆಯುವುದಿಲ್ಲ. ಆ ಬಿಗಿ ಕಡಿವಾಣ ಈಗಲೂ ಪೆಟ್ಟಿಗೆಯಲ್ಲೇ ಇದೆ, ತೊಳೆದಿಟ್ಟ ಹಾಗೇ.

ಬೂಸ್ಟು ಹಿಡಿದಿದ್ದ ಜೀನು ಸವಾರಿಗೆ ಮತ್ತೆ ಬರಲಿಲ್ಲ. ಹೊಲಿಗೆ ನಂಬುವಂತಿರಲಿಲ್ಲ. ಮಕ್ಕಳಿಗೆ ಬಿಚ್ಚಿ ತೋರಿಸಲು ಇಟ್ಟುಕೊಂಡಿದ್ದೇವೆ. ಉಳಿದ ಕುಸುಬಿ ಎಣ್ಣೆ ಕಾಕಾನ ಮನೆಯ ಬದನೇಕಾಯಿ ಪಲ್ಯಕ್ಕೆ ಹೋಯಿತು. ಗುಲಾಬಿ ಒಂದು ತಿಂಗಳು ಜೀನಿಲ್ಲದೆ ಆರಾಮಾಗಿ ಮೇಯ್ದುಕೊಂಡಿತ್ತು. ಗಾಯ ಮಾಯ್ದು ಕೂದಲು ಬಂತು. ಒಂದು ಕಡೆ ಮಾತ್ರ ರೂಪಾಯಿ ಅಗಲದ ಬಿಳಿ ಮಚ್ಚೆ ಉಳಿದಿದೆ. ಅಂಥ ಗಾಯದ ಮೇಲೆ ಕೂದಲು ಹೀಗೆ ಬೆಳ್ಳಗೆ ಬರುವುದುಂಟು.

ಈ ವರ್ಷ ಆರಿದ್ರಾ ಶುರುವಾದ ಎರಡನೇ ದಿನ ಹೋಗಿದ್ದೆ. ಹುಡುಗ ಬೇವಿನ ಮರದಡಿ ತಂಗ ಒರೆಸಿ ಮುಗಿಸಿದ್ದ. ನೇತುಹಾಕುವ ಮುಂಚೆ ಅದರ ಒಳಮೈಯನ್ನು ಉದ್ದಕ್ಕೂ ತನ್ನ ಕೆನ್ನೆಗೆ ಒರೆಸಿಕೊಂಡ. ನಡುವೆ ಎಲ್ಲೋ ನಿಂತ. ಉಗುರಿನಿಂದ ಏನೋ ಕಿತ್ತು ಅಂಗೈಯಲ್ಲಿಟ್ಟು ನೋಡಿ, ತಂಗವನ್ನು ತಿರುಗಿ ಬಕೆಟ್ಟಿಗೆ ಹಾಕಿದ.